ಹರಳು ಸಿಗುವ ಕಲ್ಲುಪದರಕ್ಕೆ ನಮ್ಮಲ್ಲಿ ಹೆಸರೇನು?

ಗೆಳೆಯರೆ,

ಸಾಗರದ ಹೈಸ್ಕೂಲು ಮಕ್ಕಳಿಗಾಗಿ ಶ್ರೀಲಂಕಾದ ರತ್ನಪುರದ ಗುಡ್ಡಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಬರಹ ನಿಂತಿದೆ.

ಅಲ್ಲಿ ಮಾಣಿಕ್ಯ, ನೀಲಗಳ ತವರು ಗುಡ್ಡದ ಹಳೆಯ ರೂಪಾಂತರ ಶಿಲೆ, ಅಂದರೆ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ಬಂಡೆ. ಎರಡೂ ಒಂದೇ ಖನಿಜ, ಕುರುಂದ. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಆದರೆ ಜನ ಹೆಚ್ಚಾಗಿ ಅಗೆಯುವುದು ಗುಡ್ಡವನ್ನಲ್ಲ, ಬುಡದ ಗದ್ದೆಯನ್ನು. ಮಳೆಗೆ ಬಂಡೆ ಕೊಳೆತು ಮಣ್ಣಾದರೂ ಕುರುಂದ ಜಗ್ಗುವುದಿಲ್ಲ. ಮೋಸ್ ಅಳತೆಯಲ್ಲಿ ಅದರ ಗಟ್ಟಿತನ 9, ಮೇಲಿರುವುದು ವಜ್ರ ಮಾತ್ರ. ಹಳ್ಳಗಳು ಅದನ್ನು ಹೊತ್ತು ತಂದು ಬೆಣಚಿನ ಉರುಟು ಕಲ್ಲುಗಳ ಜೊತೆ ಕಣಿವೆಯಲ್ಲಿ ಇಳಿಸಿವೆ. ಅದರ ಮೇಲೆ ಮರಳು, ಜೇಡಿ ಕೂತಿದೆ. ಈ ಕಲ್ಲುಪದರವನ್ನು ಸಿಂಹಳದಲ್ಲಿ 'ಇಲ್ಲಂ' ಅನ್ನುತ್ತಾರೆ. ನನಗೆ ಬೇಕಿರುವುದು ಇದಕ್ಕೊಂದು ಕನ್ನಡ.

'ಅದಿರು' ಹೊಂದುವುದಿಲ್ಲ. ಅದಿರನ್ನು ಕರಗಿಸಿ ಲೋಹ ತೆಗೆಯುತ್ತಾರೆ, ಇಲ್ಲಿ ಕಲ್ಲನ್ನು ಇದ್ದ ಹಾಗೇ ಆರಿಸಿಕೊಳ್ಳುವುದು. 'ಗರಸು' ಎಂದರೆ ನಮ್ಮವರ ಕಣ್ಣಿಗೆ ರಸ್ತೆಗೆ ಸುರಿಯುವ ಕೆಂಪು ಗರಸೇ ಬರುತ್ತದೆ. 'ಜಲ್ಲಿ' ಎಂದೋ ಕ್ರಷರಿನವರ ಪಾಲಾಯಿತು. 'ನೊರಜು' ಹತ್ತಿರದ್ದು, ಆದರೆ ಇಲ್ಲಂನಲ್ಲಿ ಮುಷ್ಟಿ ಗಾತ್ರದ ಕಲ್ಲೂ ಇರುತ್ತದಲ್ಲ! ಕೊಡಗಿನ ನಿಶಾನಿಮೊಟ್ಟೆ ಬೆಟ್ಟದಲ್ಲಿ ಕದ್ದು ಹರಳು ಅಗೆದ ಸುದ್ದಿಗಳಲ್ಲಿ ಪತ್ರಿಕೆಗಳು 'ಹರಳುಕಲ್ಲು' ಎಂದು ಬರೆದವು. ಅದು ಕಲ್ಲಿಗೆ ಸರಿ, ಪದರಕ್ಕಲ್ಲ. ಬರೀ 'ಹರಳು' ಎಂದರೆ ಉಪ್ಪಿನದೂ ಹರಳೇ, ಎಣ್ಣೆ ತೆಗೆಯುವುದೂ ಹರಳೇ.

'ಗಣಿ' ಎನ್ನಲೂ ಮನಸ್ಸಿಲ್ಲ. ಕುದುರೆಮುಖ, ಕೆಮ್ಮಣ್ಣುಗುಂಡಿ ಕಂಡ ನಮಗೆ ಗಣಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗುಡ್ಡ. ಅಲ್ಲಿನದು ಗದ್ದೆ ನಡುವಿನ ಬಾವಿ: ಒಳಗೋಡೆಗೆ ಮರದ ಕಟ್ಟು, ಕಟ್ಟಿನ ಹಿಂದೆ ಸೊಪ್ಪು, ನೀರೆತ್ತಲು ಪಂಪು. ನಾನು 'ಹರಳುಬಾವಿ' ಎಂದು ಬರೆದಿದ್ದೇನೆ, ತೀರಾ ಕೃತಕ ಅನಿಸಿದರೆ ಹೇಳಿ.

ಒಂದು ಮಾತಿಗೆ ಮಾತ್ರ ತಡಕಾಡಲಿಲ್ಲ. ಇಲ್ಲಂ ಅನ್ನು ಬುಟ್ಟಿಯಲ್ಲಿ ಹಾಕಿ ನೀರಲ್ಲಿ ಸುತ್ತಿಸಿ ತೊಳೆಯುವುದಕ್ಕೆ 'ಜಾಲಿಸು' ತಾನಾಗಿ ಬಂತು. ಅಕ್ಕಿ ಜಾಲಿಸಿದಾಗ ಕಲ್ಲು ತಳದಲ್ಲಿ ಉಳಿಯುವ ಹಾಗೆ, ನೀರಿಗಿಂತ ಸುಮಾರು 4 ಪಟ್ಟು ತೂಗುವ ಕುರುಂದ ತಳ ಹಿಡಿಯುತ್ತದೆ, 2.65 ಪಟ್ಟಿನ ಬೆಣಚು ಮೇಲೆ ಬರುತ್ತದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹೊನ್ನು ತೊಳೆಯುತ್ತಿದ್ದವರಿಗೆ 'ಜಾಲಗಾರರು' ಎಂದೇ ಹೆಸರಿತ್ತು.

ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯವರಲ್ಲಿ ಕೇಳಿಕೆ: ಹೊಳೆದಂಡೆಯ ತೋಟದಲ್ಲಿ ಬಾವಿ ತೋಡುವಾಗ ಜೇಡಿಯ ಕೆಳಗೆ ಉರುಟುಗಲ್ಲಿನ ಪದರ ಸಿಕ್ಕರೆ ಕೆಲಸದವರು ಅದನ್ನು ಏನೆಂದು ಕರೆಯುತ್ತಾರೆ? ನಿಘಂಟಿನ ಪದ ಬೇಡ, ಬಾವಿಯೊಳಗಿನಿಂದ ಕೂಗಿ ಹೇಳುವ ಪದ ಬೇಕು. ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.