ಕ್ಯಾನಿಂಗ್‌ಗೆ ಏನಂತೀರಿ? ‘ಡಬ್ಬೀಕರಣ’ ಬಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಕೈತೋಟದವರಿಗಾಗಿ ತರಕಾರಿ ಕೆಡದಂತೆ ಇಡುವ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಉಪ್ಪಿನಕಾಯಿವರೆಗೆ ಪೆನ್ನು ಸರಾಗ ಓಡಿತು. ಕ್ಯಾನಿಂಗ್ ಹತ್ತಿರ ಬಂದು ನಿಂತಿದೆ, ಅದಕ್ಕೊಂದು ಕನ್ನಡ ಮಾತು ಸಿಗುತ್ತಿಲ್ಲ.

‘ಡಬ್ಬೀಕರಣ’ ನನಗೆ ಒಗ್ಗುವುದಿಲ್ಲ. ಮನೆಯಲ್ಲಿ ಡಬ್ಬಿ ಎಲ್ಲಿರುತ್ತದೆ, ಎಲ್ಲ ಗಾಜಿನ ಬಾಟ್ಲಿಯೇ ಅಲ್ವಾ? ಈ ವಿಧಾನ ಕಂಡುಹಿಡಿದ ಫ್ರಾನ್ಸಿನ ನಿಕೋಲಾ ಅಪೇರ್ 1810ರಲ್ಲಿ ಪುಸ್ತಕ ಬರೆದಾಗಲೂ ತುಂಬಿದ್ದು ಬಾಟ್ಲಿಗೇ. ಡಬ್ಬಿಯೋ ಬಾಟ್ಲಿಯೋ, ಅದು ಮುಖ್ಯವಲ್ಲ. ತುಂಬಿ, ಮುಚ್ಚಿ, ಕಾಯಿಸಿ, ಮತ್ತೆ ಗಾಳಿ ಒಳಗೆ ಹೋಗದ ಹಾಗೆ ಮಾಡುವುದೇ ಕೆಲಸ.

ಹಾಗಾದರೆ ‘ಬಾಟ್ಲಿಗೆ ಹಾಕುವುದು’ ಅನ್ನೋಣವೇ? ಅಲ್ಲೇ ತೊಡಕು. ನಮ್ಮಲ್ಲಿ ‘ಹಾಕು’ ಉಪ್ಪಿನಕಾಯಿಗೆ ಸೇರಿದ ಮಾತು. "ಮಿಡಿ ಉಪ್ಪಿಗೆ ಹಾಕಿ ಆಯ್ತಾ?" ಅಂತ ಕೇಳಿದರೆ ಉಪ್ಪಿನಕಾಯಿ ತಯಾರಾಯ್ತಾ ಅಂತ ಅರ್ಥವಲ್ಲ. ಭರಣಿಯಲ್ಲಿ ಅಪ್ಪೆಮಿಡಿ ಒಂದು ಪದರ, ಹರಳುಪ್ಪು ಒಂದು ಪದರ ತುಂಬಿ, ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುವ ತನಕದ ಕೆಲಸ ಅಷ್ಟೇ. ಸಾಸಿವೆ, ಮೆಣಸು ಬೀಳುವುದು ಆಮೇಲೆ, ಅದಕ್ಕೆ ‘ಖಾರ ಬೆರೆಸುವುದು’ ಅಂತ ಬೇರೆಯೇ ಮಾತಿದೆ. ಹಲಸಿನ ಸೊಳೆ, ಕಳಲೆ ಇವನ್ನೂ ಉಪ್ಪಿಗೆ ಹಾಕುವುದೇ.

ಎರಡಕ್ಕೂ ‘ಹಾಕು’ ಅಂತ ಬರೆಯಲು ನನಗೆ ಭಯ, ಸುಮ್ನೆ ಪದದ ಮಡಿವಂತಿಕೆಯಲ್ಲ. ಉಪ್ಪಿನಕಾಯಿಯನ್ನು ಉಪ್ಪು, ಹುಳಿ ಕಾಯುತ್ತವೆ. ಬಾಟ್ಲಿಯಲ್ಲಿ ಬರೀ ನೀರು ಹಾಕಿ ತುಂಬಿದ ಬೀನ್ಸ್‌ಗೆ ಅವೆರಡೂ ಇಲ್ಲ. ಅದನ್ನು ಕುದಿಯುವ ನೀರಲ್ಲಿ ಗಂಟೆಗಟ್ಟಲೆ ಇಟ್ಟರೂ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಾಣು 100 ಡಿಗ್ರಿಗೆ ಜಗ್ಗುವುದಿಲ್ಲ, ಆಮೇಲೆ ಗಾಳಿಯಿಲ್ಲದ ಬಾಟ್ಲಿಯಲ್ಲಿ ಬೆಳೆದು ವಿಷ ಬಿಡುತ್ತದೆ, ವಾಸನೆಯಿಂದ ಗೊತ್ತೂ ಆಗದೆ ಇರಬಹುದು. ಉಪ್ಪಿನಕಾಯಿಗಾದರೆ ಬೂಸು ಬಂದದ್ದು ಕಣ್ಣಿಗೆ ಕಾಣುತ್ತದೆ. ಬೀನ್ಸ್‌ಗೆ ಒತ್ತಡದಲ್ಲಿ 116 ಡಿಗ್ರಿಯಾದರೂ ಮುಟ್ಟಿಸಬೇಕು, ಅದಕ್ಕೆಂದೇ ಮಾಡಿದ ದೊಡ್ಡ ಕುಕ್ಕರ್ ಬೇಕು, ಅನ್ನ ಮಾಡುವ ಕುಕ್ಕರ್ ನಡೆಯುವುದಿಲ್ಲ. ‘ಹಾಕಿ’ ಅಂತ ಓದಿದವರು ಮಿಡಿಗೆ ಹಾಕಿದ ಧೈರ್ಯದಲ್ಲೇ ಬೀನ್ಸ್‌ಗೂ ಕೈ ಹಾಕಿದರೆ?

ಭರಣಿ ಬಾಯಿಗೆ ಬಟ್ಟೆ ಕಟ್ಟುತ್ತೇವಲ್ಲ, ಅದರಿಂದ ‘ಬಾಯಿಕಟ್ಟು’ ಅಂತ ಹೊಳೆಯಿತು. ಆದರೆ ಅದು ಪಥ್ಯದ ಮಾತು, ಉಪ್ಪಿನಕಾಯಿ ಪುಟದಲ್ಲಿ ಅದಕ್ಕಿಂತ ಅಪಶಕುನ ಇನ್ನೇನಿದೆ! ಸದ್ಯಕ್ಕೆ ‘ಕಾಸಿ ಬಿಗಿಯುವುದು’ ಅಂತ ಬರೆದಿಟ್ಟಿದ್ದೇನೆ. ಅರ್ಥವೇನೋ ಆಗುತ್ತದೆ, ಆದರೆ ‘ಕಾಸಿ ಬಿಗಿದ ಟೊಮೆಟೊ’ ಅಂದರೆ ಕಿವಿಗೆ ಹೇಗೆ ಕೇಳುತ್ತದೆ?

ಬನವಾಸಿ ಕಡೆ ಅನಾನಸ್ ಬೆಳೆ ಜಾಸ್ತಿ. ಆ ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಡಬ್ಬಿಗೆ ತುಂಬುವ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅಲ್ಲಿ ಕೆಲಸದವರು ತಮ್ಮತಮ್ಮಲ್ಲಿ ಏನನ್ನುತ್ತಾರೆ ತಿಳಿಸಿ. ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ ಆಡುವವರೂ ಹೇಳಿ: ‘ಲೋಣ್ಚೆ’ ಅಂದರೆ ಉಪ್ಪಿನಕಾಯಿ, ಕ್ಯಾನಿಂಗ್‌ಗೆ ನಿಮ್ಮಲ್ಲಿ ಬೇರೆ ಮಾತು ಇದೆಯಾ?