ಶಿರಸಿಯಿಂದ ಬೆಂಗಳೂರಿಗೆ ಹೋಗಿಬಂದೆ, ಲೀಟರಿಗೆ ಹತ್ತೇ ಕಿಲೋಮೀಟರ್! ಗಾಡಿ ಕೆಟ್ಟಿದೆಯಾ?

ಪ್ರಶ್ನೆ (ಶಿರಸಿ): ಅಣ್ಣಾ, ನಮ್ಮದು 7 ಸೀಟಿನ ದೊಡ್ಡ ಡೀಸೆಲ್ ಎಸ್‌ಯುವಿ, ಆಟೋಮ್ಯಾಟಿಕ್. ಹಾವೇರಿ ಮೇಲೆ ಬೆಂಗಳೂರಿಗೆ ಹೋಗಿಬಂದೆವು. ಮನೆಮಂದಿ ಆರು ಜನ. ಮೇಲೆ ಕ್ಯಾರಿಯರ್‌ನಲ್ಲಿ ತೆಂಗಿನಕಾಯಿ ಚೀಲ, ಹಲಸಿನ ಹಪ್ಪಳ, ಅಪ್ಪೆಮಿಡಿ ಡಬ್ಬ. ಒಟ್ಟು 806 ಕಿ.ಮೀ., 79 ಲೀಟರ್ ಡೀಸೆಲ್. ಗಾಡಿಯ ಮೈಲೇಜ್ ಮೀಟರ್ ಮಾತ್ರ 12.1 ತೋರಿಸುತ್ತಿದೆ. ಯಾವುದನ್ನು ನಂಬಬೇಕು? ಹೋದ ವರ್ಷ ಸ್ವಲ್ಪ ದೊಡ್ಡ ಟೈರ್ ಹಾಕಿಸಿದ್ದೇನೆ.

ಉತ್ತರ (ಗ್ಯಾರೇಜ್): ಭಟ್ರೇ, ಮೀಟರ್ ಹೇಳುವುದು ಅಂದಾಜು. ಹೋಗುವಾಗ ಟ್ಯಾಂಕ್ ಫುಲ್, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದ್ದರೆ ನಿಮ್ಮ 10.2 ಲೆಕ್ಕವೇ ಸರಿ. ನಾಝಲ್ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಬೇಕು, ಕುಲುಕಿ ಕುಲುಕಿ ತುಂಬಿಸಬಾರದು.

ಟೈರಿನ ವಿಷಯ ನೀವೇ ಹೇಳಿದ್ದು ಒಳ್ಳೆಯದಾಯಿತು. ಗಾಡಿ ಚಕ್ರದ ಸುತ್ತು ಎಣಿಸಿ ಕಿ.ಮೀ. ತೋರಿಸುವುದು, ಹಾಗಾಗಿ ಟೈರಿನ ಸುತ್ತಳತೆ ನೂರಕ್ಕೆ 3ರಷ್ಟು ಜಾಸ್ತಿ ಇದ್ದರೆ ಗಾಡಿ ಓಡಿದ್ದು 806 ಅಲ್ಲ, 830. ಆಗ ಹತ್ತೂವರೆ ಬರುತ್ತದೆ.

ಈಗ ನಿಜ ಹೇಳಿ, ಹಾವೇರಿ ದಾಟಿದ ಮೇಲೆ ಎಷ್ಟರಲ್ಲಿ ಓಡಿಸಿದಿರಿ?

ಪ್ರಶ್ನೆ: 115, 120... ರಸ್ತೆ ಚೆನ್ನಾಗಿತ್ತಲ್ಲ ಮಾರಾಯ್ರೇ.

ಉತ್ತರ: ಅಲ್ಲೇ ಹೋಯಿತು ನಿಮ್ಮ ಡೀಸೆಲ್. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. 80ರಿಂದ 120ಕ್ಕೆ ಏರಿದರೆ ಆಗುವುದು ಅದೇ. ಸಣ್ಣ ಕಾರು ಹೇಗೋ ತೂರಿಕೊಂಡು ಹೋಗುತ್ತದೆ. ನಿಮ್ಮದು ಎದ್ದು ನಿಂತ ಗೋಡ್ರೇಜ್ ಕಪಾಟು, ಅದರ ತಲೆ ಮೇಲೆ ಗಂಟುಮೂಟೆ ಬೇರೆ. ಖಾಲಿ ಕ್ಯಾರಿಯರ್ ಕೂಡ ಡೀಸೆಲ್ ಕುಡಿಯುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿಡಿ. ಹಾವೇರಿಯಿಂದ ಬೆಂಗಳೂರು ಸುಮಾರು 330 ಕಿ.ಮೀ. ಒಂದೇ ಸಮನೆ 95ರಲ್ಲಿ ಹೋದರೂ 120ಕ್ಕಿಂತ ಮುಕ್ಕಾಲು ಗಂಟೆ ತಡ, ಅಷ್ಟೇ.

ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿಸಿ. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ. ಎಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೈವೇಯಲ್ಲಿ ಕಿಟಕಿ ತೆರೆದರೆ ಗಾಳಿಯ ತಡೆ ಇನ್ನೂ ಹೆಚ್ಚುತ್ತದೆ.

ಪ್ರಶ್ನೆ: ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ನ್ಯೂಟ್ರಲ್ ಹಾಕಿ ಇಳಿಸುತ್ತೇನೆ. ಅದರಲ್ಲಾದರೂ ಉಳಿಯುತ್ತದೆ ಅಲ್ವಾ?

ಉತ್ತರ: ದಯವಿಟ್ಟು ಬೇಡ! ಈಗಿನ ಡೀಸೆಲ್ ಇಂಜಿನ್‌ನಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಇಂಜಿನ್ ಆರಿಹೋಗದಂತೆ ಸುಮ್ನೆ ಡೀಸೆಲ್ ಉರಿಸುತ್ತಲೇ ಇರಬೇಕು. ಅಂದರೆ ನಿಮಗೆ ಉಳಿಯುವುದಿಲ್ಲ, ಖರ್ಚೇ. ಎರಡು ಟನ್ ಭಾರವನ್ನೆಲ್ಲ ಬ್ರೇಕ್ ಒಂದೇ ಹೊರಬೇಕು. ಕಾದುಹೋದರೆ ಹಿಡಿಯುವುದಿಲ್ಲ. ಮ್ಯಾನ್ಯುಯಲ್ ಮೋಡ್‌ನಲ್ಲಿ ಎರಡನೇ ಅಥವಾ ಮೂರನೇ ಗೇರ್‌ಗೆ ಹಾಕಿ ಇಳಿಸಿ.

ಇನ್ನೊಬ್ಬರು (ಕಾರವಾರ): ನಮ್ಮದು ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿ. ಊರೊಳಗೇ ಓಡಾಟ. ಆಗಾಗ ಮೈಲೇಜ್ ದಿಢೀರ್ ಬೀಳುತ್ತದೆ, ನಿಂತಾಗ ಇಂಜಿನ್ ಸದ್ದೂ ಜಾಸ್ತಿ.

ಉತ್ತರ: ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತುಂಬಿದ ಮಸಿ ಸುಟ್ಟುಕೊಳ್ಳುತ್ತಿರಬಹುದು, ಅದಕ್ಕೆ ಹೆಚ್ಚುವರಿ ಡೀಸೆಲ್ ಬೇಕು. ಆಗ ಇಂಜಿನ್ ಆಫ್ ಮಾಡಬೇಡಿ. ಹೈವೇ ಹಿಡಿದು ಅಂಕೋಲಾದವರೆಗೆ ಒಂದು ಸುತ್ತು ಹೋಗಿಬನ್ನಿ. ಆಮೇಲೂ ಪದೇ ಪದೇ ಆದರೆ ಗಾಡಿ ತನ್ನಿ, ಸ್ಕ್ಯಾನರ್ ಹಾಕಿ ನೋಡೋಣ.