ತಣ್ಣೀರಿನಲ್ಲಿ ದಡದಿಂದ ಡೈವಿಂಗ್: ಸೀಲ್‌ಗಳು ಹತ್ತಿರ ಬಂದಾಗ ಹೇಗಿರಬೇಕು?

ಪ್ರಶ್ನೆ

ಇದುವರೆಗೆ ಬೆಚ್ಚನೆಯ ನೀರಿನಲ್ಲಿ, ಅದೂ ದೋಣಿಯಿಂದ ಇಳಿದು ಮಾತ್ರ ಸ್ಕೂಬಾ ಡೈವಿಂಗ್ ಮಾಡಿರುವ ನಾನು, ಬರುವ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡ್‌ನ ಸೇಂಟ್ ಆ್ಯಬ್ಸ್‌ನಲ್ಲಿ ದಡದಿಂದಲೇ ನೀರಿಗಿಳಿಯಬೇಕೆಂದಿದ್ದೇನೆ. ಆ ಕಡಲಿನ ಬೂದು ಸೀಲ್‌ಗಳು ಡೈವರ್‌ಗಳ ಫಿನ್ (ಈಜಲು ಕಾಲಿಗೆ ತೊಡುವ ಹಲಗೆಯಂಥ ರೆಕ್ಕೆ) ಕಚ್ಚಿ ಎಳೆದು ಆಟವಾಡುತ್ತವೆಂದು ಕೇಳಿದಂದಿನಿಂದ ಅವನ್ನು ನೀರಿನೊಳಗೆ ನೋಡುವ ಆಸೆ ಬಲವಾಗಿದೆ. ಒಳಗೆ ನೀರು ಬರುವ, 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕೇ, ಇಲ್ಲವೇ ನೀರು ಒಳಬರದ, ಒಳಗೆ ಗಾಳಿಯಿರುವ ಡ್ರೈಸೂಟ್ ಬಳಸುವುದನ್ನು ಕಲಿತೇ ಹೋಗಬೇಕೇ? ಸೀಲ್ ಎದುರಾದಾಗ ಹೇಗೆ ವರ್ತಿಸಬೇಕು?

ಮೊದಲ ಉತ್ತರ

ಡ್ರೈಸೂಟ್ ಕಲಿತೇ ಹೋಗಿ. ಬೇಸಿಗೆಯ ಕೊನೆಯಲ್ಲೂ ಅಲ್ಲಿನ ನೀರು 13–14 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಮತ್ತು ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆಯುತ್ತದೆ. ದಪ್ಪ ವೆಟ್‌ಸೂಟ್ ತೊಟ್ಟು ಅಲ್ಲಿ ಇಳಿಯುವವರೂ ಇದ್ದಾರೆ. ಆದರೆ ನೀವು ಹೋಗುತ್ತಿರುವುದು ಸೀಲ್‌ಗಳಿಗಾಗಿ. ಈಜುತ್ತ ಸಾಗುವವರ ಮೈ ಒಂದಿಷ್ಟು ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಸೀಲ್‌ಗಾಗಿ ಕಾಯುವವರಾದರೋ ಐದಾರು ಮೀಟರ್ ಆಳದಲ್ಲಿ, ಕೆಲ್ಪ್ ಪಾಚಿಯ ನಡುವೆ ಬಹಳ ಹೊತ್ತು ಹೆಚ್ಚು ಅಲುಗಾಡದೆ ಇರಬೇಕಾಗುತ್ತದೆ. ಅಷ್ಟು ಕಡಿಮೆ ಆಳದಲ್ಲಿ ಸಿಲಿಂಡರಿನ ಗಾಳಿ ನಿಧಾನವಾಗಿ ಖರ್ಚಾಗುವುದರಿಂದ, ಗಾಳಿ ಮುಗಿಯುವ ಮೊದಲೇ ಚಳಿ ನಿಮ್ಮನ್ನು ಮೇಲಕ್ಕೆ ಕಳಿಸುತ್ತದೆ.

ಡ್ರೈಸೂಟ್‌ನ ಒಂದು ಅಪಾಯ ಸೀಲ್‌ಗಳ ಜೊತೆಗಿರುವಾಗಲೇ ಹೆಚ್ಚು. ಸೀಲ್ ನಿಮ್ಮ ಸುತ್ತ ಸುತ್ತುತ್ತದೆ, ಅದನ್ನು ನೋಡುವ ಆತುರದಲ್ಲಿ ನೀವು ತಲೆಕೆಳಗಾಗುತ್ತೀರಿ. ಕೂಡಲೇ ಸೂಟಿನ ಗಾಳಿಯೆಲ್ಲ ಕಾಲಿನ ಕಡೆಗೆ ನುಗ್ಗಿ ನಿಮ್ಮನ್ನು ಮೇಲಕ್ಕೆಳೆಯುತ್ತದೆ. 10 ಮೀಟರ್ ಆಳದಿಂದ ಮೇಲ್ಮೈಗೆ ಬರುವಷ್ಟರಲ್ಲಿ ಗಾಳಿಯ ಗಾತ್ರ ಇಮ್ಮಡಿಯಾಗುವುದರಿಂದ, ಆಳ ಕಡಿಮೆಯೆಂದು ಇದನ್ನು ಹಗುರವಾಗಿ ಕಾಣಬಾರದು. ಕಾಲು ಮೇಲಾದಾಗ ಮೈಯನ್ನು ಮತ್ತೆ ನೇರಕ್ಕೆ ತಂದುಕೊಳ್ಳುವುದನ್ನು ತರಬೇತಿಯಲ್ಲಿ ಚೆನ್ನಾಗಿ ರೂಢಿಸಿಕೊಂಡು ಹೋಗಿ.

ದಡದ ಡೈವ್‌ನಲ್ಲಿ ಕಷ್ಟದ ಭಾಗ ಕೊನೆಗೆ ಬರುತ್ತದೆ, ಭಾರ ಹೊತ್ತು ಜಾರುವ ಬಂಡೆಗಳನ್ನೇರಬೇಕು. ಕೈಬೆರಳು ಮರಗಟ್ಟುವ ಮೊದಲೇ, ಇನ್ನೂ ಶಕ್ತಿ ಉಳಿದಿರುವಾಗಲೇ ಹಿಂದಿರುಗಿ. ಅಲೆ ಜೋರಾಗಿರುವ ದಿನ ಇಳಿಯಲೇಬೇಡಿ.

ಎರಡನೆಯ ಉತ್ತರ

ಸೀಲ್‌ನ ವಿಷಯದಲ್ಲಿ ನಿರ್ಧಾರ ಅದರದ್ದೇ ಆಗಿರಲಿ. ಬೆನ್ನಟ್ಟಿದರೆ ಅದು ಕ್ಷಣಾರ್ಧದಲ್ಲಿ ಮಾಯವಾಗುತ್ತದೆ, ನೀವು ಎಷ್ಟೇ ಬಲವಾಗಿ ಕಾಲು ಬಡಿದರೂ ಅದರ ವೇಗಕ್ಕೆ ಸಮನಾಗಲಾರಿರಿ. ಕೆಲ್ಪ್‌ನ ಬದಿಯಲ್ಲಿ ಶಾಂತವಾಗಿ, ಸಮನಾಗಿ ಉಸಿರಾಡುತ್ತ ಇದ್ದರೆ ಕುತೂಹಲ ಹೆಚ್ಚಿರುವ ಮರಿಪ್ರಾಯ ದಾಟಿದ ಎಳೆಯ ಸೀಲ್‌ಗಳು ಸಾಮಾನ್ಯವಾಗಿ ಹಿಂದಿನಿಂದ ಬರುತ್ತವೆ. ಫಿನ್‌ನ ತುದಿ ಸಣ್ಣಗೆ ಜಗ್ಗಿದಾಗಲೇ ಅವು ಬಂದದ್ದು ತಿಳಿಯುವುದುಂಟು. ಬಾಯಿ ಮತ್ತು ಮೀಸೆಯಿಂದ ವಸ್ತುವನ್ನು ಪರೀಕ್ಷಿಸುವುದು ಅವುಗಳ ಕ್ರಮ. ಆಗ ಕಾಲನ್ನು ಝಾಡಿಸಬೇಡಿ, ಕೈ ಚಾಚಬೇಡಿ, ಅದು ಹೊರಟರೆ ಹಿಂಬಾಲಿಸಬೇಡಿ. ಅದಕ್ಕೂ ಮೇಲ್ಮೈಗೂ ನಡುವೆ ನೀವು ಅಡ್ಡವಾಗದಂತೆ ನೋಡಿಕೊಳ್ಳಿ, ಅದು ಉಸಿರಾಡಲು ಮೇಲೆ ಹೋಗಲೇಬೇಕು. ಗಂಡು ಬೂದು ಸೀಲ್ 300 ಕಿಲೋಗ್ರಾಂವರೆಗೆ ತೂಗಬಲ್ಲ ಬೇಟೆಪ್ರಾಣಿಯೆಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅದಾಗಿಯೇ ಬಂದು ಕೈಗವಸನ್ನು ಕಚ್ಚಿದರೆ ಅಪಾಯವಿದೆಯೇ? ಬಂಡೆಯ ಮೇಲೆ ಮಲಗಿರುವ ಸೀಲ್‌ಗಳ ಬಳಿ ಹೋಗಬಹುದೇ?

ಮೂರನೆಯ ಉತ್ತರ

ಕೈಗವಸು ತೂತಾಗಿ ಚರ್ಮಕ್ಕೆ ಗಾಯವಾದರೆ ಅದು ಎಷ್ಟೇ ಚಿಕ್ಕದಿದ್ದರೂ ಕೂಡಲೇ ತೊಳೆದು ವೈದ್ಯರನ್ನು ಕಾಣಿ, ಮತ್ತು ಸೀಲ್ ಕಚ್ಚಿದ್ದೆಂದು ನೀವಾಗಿಯೇ ಹೇಳಿ. ‘ಸೀಲ್ ಫಿಂಗರ್’ ಎಂಬ ಸೋಂಕಿನಲ್ಲಿ ಬೆರಳು ವಿಪರೀತ ನೋವಿನಿಂದ ಊದಿಕೊಳ್ಳುತ್ತದೆ. ಅದಕ್ಕೆ ಕಾರಣವಾದ ಮೈಕೋಪ್ಲಾಸ್ಮಾ ಜೀವಿಗಳಿಗೆ ಕೋಶಭಿತ್ತಿಯೇ ಇಲ್ಲದಿರುವುದರಿಂದ ಪೆನಿಸಿಲಿನ್ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೇಕಾಗುತ್ತದೆ.

ಬಂಡೆಯ ಮೇಲಿನ ಸೀಲ್‌ಗಳ ಹತ್ತಿರ ದಯವಿಟ್ಟು ಹೋಗಬೇಡಿ. ಸ್ಕಾಟ್ಲೆಂಡ್‌ನಲ್ಲಿ ಗೊತ್ತುಪಡಿಸಿದ ವಿಶ್ರಾಂತಿ ತಾಣಗಳಲ್ಲಿ ಅವುಗಳನ್ನು ಉಪದ್ರವಿಸುವುದು 2010ರ ಸಾಗರ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಏಕೆಂದರೆ ಗಾಬರಿಯಿಂದ ನೀರಿಗೆ ಧುಮುಕುವ ಸೀಲ್‌ಗಳು ಬಂಡೆಗೆ ಬಡಿದು ಗಾಯಗೊಳ್ಳುತ್ತವೆ, ವಿಶ್ರಾಂತಿಯನ್ನೂ ಕಳೆದುಕೊಳ್ಳುತ್ತವೆ. ಆ ತೀರದ ಬೂದು ಸೀಲ್‌ಗಳು ಮರಿಹಾಕುವುದು ಶರತ್ಕಾಲದ ಕೊನೆಯಲ್ಲಿ. ಎರಡೂವರೆ ಮೂರು ವಾರ ತಾನು ಏನನ್ನೂ ತಿನ್ನದೆ ಹಾಲೂಡುವ ತಾಯಿ ಹೆದರಿ ಓಡಿದರೆ ಮರಿ ಬದುಕುವುದೇ ಕಷ್ಟ. ನಿಮ್ಮ ಪ್ರವಾಸ ಆಗಸ್ಟ್‌ನಿಂದ ಮುಂದಕ್ಕೆ ಹೋಗುವಂತಾದರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ದಿನಗಳನ್ನು ಬಿಟ್ಟು ಬೇರೆ ಸಮಯ ಗೊತ್ತುಮಾಡಿಕೊಳ್ಳಿ.